ಮೊದಲು ಆ ಕೆಲಸ ಯಾರು ಮಾಡುತ್ತಿದ್ದರು?

ನಾನು ಬಿ.ಎ. ಪಾಸಾದ ದಿನ ಹೊಸ ಅಗ್ರಹಾರದ ನಮ್ಮ ಮನೆಯಲ್ಲಿ ಅವ್ವ ಅಂಕಪಟ್ಟಿಯನ್ನು ದೇವರ ಪಟದ ಮುಂದಿಟ್ಟು ಕೈ ಮುಗಿದಳು. ಅದರಲ್ಲಿ ಏನು ಬರೆದಿದೆ ಎಂದು ಓದಬಲ್ಲವಳು ಆ ಮನೆಯಲ್ಲಿ ನಾನೊಬ್ಬಳೇ. ಅಪ್ಪ ಗದ್ದೆ ಕೂಲಿ, ಅವ್ವ ಗದ್ದೆ ಕೂಲಿ, ಅವರ ಹಿಂದಿನವರೂ ಅದೇ. ನಾನೂ ನಾಟಿ ಮಾಡುತ್ತಲೇ ಓದಿದವಳು, ಕೆಸರು ಒಣಗಿದ ಕಾಲಲ್ಲಿ ಪರೀಕ್ಷೆ ಬರೆದವಳು. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಇಷ್ಟೊಂದು ಹೆಮ್ಮೆ ಯಾಕೆ ಅನ್ನುವವರು ಒಂದು ದಿನ ಬಗ್ಗಿ ನಾಟಿ ಮಾಡಿ ಬಂದು ಮಾತಾಡಲಿ.

ಸ್ವಲ್ಪ ದಿನಕ್ಕೇ ಹುಣಸೂರಿನಲ್ಲಿ ಕೆಲಸ ಸಿಕ್ಕಿತು. ಏನು ಕೆಲಸ ಎಂದು ಅವ್ವ ಕೇಳಿದಳು. ಯುದ್ಧ ನಿಲ್ಲಿಸುವ ಕೆಲಸ ಎಂದೆ.

"ನಿನ್ನೊಬ್ಳ ಕೈಲಿ ಆಯ್ತದಾ?"

"ಇನ್ನೂ ಆರು ಜನ ಅವ್ರೆ ಕಣವ್ವ."

"ಅಂಗಾದ್ರೆ ಸರಿ ಬುಡು."

ಅವ್ವ ಗೇಲಿ ಮಾಡಲಿಲ್ಲ. ಏಳು ಜನ ಸೇರಿದರೆ ಒಂದು ಗದ್ದೆಯ ಕಳೆ ಒಂದು ದಿನಕ್ಕೆ ಮುಗಿಯುತ್ತದೆ ಎನ್ನುವುದು ಅವಳ ಲೆಕ್ಕ. ಅದೇ ಲೆಕ್ಕದ ಮೇಲೆ ನಾನು ಆ ಕೆಲಸದಲ್ಲಿ ಕೂದಲು ಹಣ್ಣಾಗುವವರೆಗೂ ಇದ್ದೆ.

ನಮ್ಮ ಯುದ್ಧವಿರೋಧಿ ಸಮಿತಿಗೆ ಹೊಸದಾಗಿ ಸೇರಿರುವ ನೀವು, ನಿಮ್ಮ ಅನುಭವ ಬರೆದುಕೊಡಿ ಎಂದು ನನ್ನನ್ನು ಕೇಳಿದ್ದೀರಿ. ಸನ್ಮಾನ, ಶಾಲು, ಹಾರದ ವಿಷಯ ಬರೆಯುವುದಿಲ್ಲ. ಅವು ಬಂದದ್ದೂ ಕಡಿಮೆ. ಸೈಕಲ್ ಅಂಗಡಿಯ ಮೇಲಿನ ಎರಡು ಕೋಣೆಯ ನಮ್ಮ ಕಚೇರಿಯಿಂದ ಹಲವು ಯುದ್ಧಗಳನ್ನು ವಿರೋಧಿಸಿದ್ದೇವೆ. ಆದರೆ ಮೊದಲ ದಿನದಿಂದ ಕೊನೆಯ ದಿನದವರೆಗೆ ಕೈಬಿಡದೆ ಹಿಡಿದದ್ದು ಒಂದನ್ನೇ: ಪ್ಯಾಲೆಸ್ತೀನಿನ ನೆಲದ ಮೇಲೆ ದಶಕಗಳಿಂದ ಕೂತಿರುವ ಇಸ್ರೇಲಿನ ಸೇನೆ ಹಿಂದಕ್ಕೆ ಸರಿಯಬೇಕು. ನಾನು ನಿವೃತ್ತಳಾದೆ, ಆ ಸೇನೆ ಇನ್ನೂ ಅಲ್ಲೇ ಇದೆ. ಹಾಗಾಗಿ ಗೆದ್ದ ಕತೆ ಹೇಳಲು ನನ್ನ ಹತ್ತಿರ ಇಲ್ಲ. ಕೆಲಸ ಹೇಗೆ ನಡೆಯುತ್ತದೆ ಎನ್ನುವುದನ್ನು ಹೇಳುತ್ತೇನೆ.

ಮೊದಲ ಸಭೆ ಸಾಲಿಗ್ರಾಮದ ಸಂತೆಯಲ್ಲಿ. ಬಟ್ಟೆಯ ಮೇಲೆ ಪ್ರಪಂಚದ ಭೂಪಟ ಬರೆಸಿಕೊಂಡು ಹೋಗಿ ಎರಡು ಗೂಟಕ್ಕೆ ಕಟ್ಟಿ, ಕಡ್ಡಿ ಹಿಡಿದು ಮಾತು ಶುರು ಮಾಡಿದೆ. ಮೆಣಸಿನಕಾಯಿ ಮಾರುತ್ತಿದ್ದ ಅಜ್ಜಿಯೊಬ್ಬಳು ಎದ್ದು ಬಂದು ಸಾಲಿಗ್ರಾಮ ಎಲ್ಲಿದೆ ತೋರಿಸು ಎಂದಳು. ಇಷ್ಟು ಚಿಕ್ಕ ಪಟದಲ್ಲಿ ಕಾಣುವುದಿಲ್ಲ ಅಜ್ಜಿ ಎಂದೆ.

"ನಮ್ಮೂರೇ ಇಲ್ದಿರೋ ಪಟ ಕಟ್ಕಂಡು ಇನ್ನೊಬ್ರೂರ್ ಕತೆ ಏನ್ ಯೋಳೀಯವ್ವ?"

ಸಂತೆಯೆಲ್ಲ ನಕ್ಕಿತು. ಮುಂದಿನ ವಾರ ಅದೇ ಪಟದ ಮೇಲೆ ಸಾಲಿಗ್ರಾಮವನ್ನು ನಿಂಬೆಹಣ್ಣಿನ ಗಾತ್ರಕ್ಕೆ ಬರೆಸಿ, ಪಕ್ಕದಲ್ಲಿ ಕಾವೇರಿಯನ್ನೂ ಹರಿಸಿಕೊಂಡು ಹೋದೆ. ಸಮಿತಿಯ ಅಧ್ಯಕ್ಷರು, ನಾವೆಲ್ಲ ಮೇಷ್ಟ್ರು ಅನ್ನುತ್ತಿದ್ದ ಇತಿಹಾಸ ಅಧ್ಯಾಪಕರು, ಅಳತೆ ತಪ್ಪಿದೆ ಎಂದು ಕೂಗಾಡಿದರು. ಅಳತೆ ತಪ್ಪಿದ್ದರಿಂದಲೇ ಆ ದಿನ ಜನ ನಿಂತು ಕೇಳಿದರು.

ಮೇಷ್ಟ್ರ ಭಾಷಣ ಉದ್ದ, ಸಿಟ್ಟು ಅದಕ್ಕಿಂತ ಉದ್ದ. ಆದರೆ ಅವರಿಂದ ಕಲಿತ ಒಂದು ಪಾಠಕ್ಕಾಗಿ ಎಲ್ಲವನ್ನೂ ಮನ್ನಿಸಿದ್ದೇನೆ. ಸೇರಿದ ಮೊದಲ ವರ್ಷ ಎಚ್.ಡಿ. ಕೋಟೆ ಕಡೆಯ ಒಂದು ಹಳ್ಳಿಯಲ್ಲಿ ಮನವಿಗೆ ಸಹಿ ಹಾಕಿಸಲು ಹೋದಾಗ ಊರೇ ಕೆಲಸಕ್ಕೆ ಹೋಗಿತ್ತು. ಬಸ್ಸಿನ ಹೊತ್ತಾಯಿತು ಎಂದು ಉಳಿದ ಹೆಸರುಗಳ ಮುಂದೆ ನನ್ನ ಹೆಬ್ಬೆಟ್ಟನ್ನೇ ಒತ್ತಿಕೊಂಡು ಬಂದೆ. ಮೇಷ್ಟ್ರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. ಮಾರನೆಯ ದಿನ ಅದೇ ಹಾಳೆ ಕೊಟ್ಟು, ಆ ಒಂದೊಂದು ಮನೆಗೂ ಹೋಗಿ ನಿಮ್ಮ ಬದಲು ನಾನು ಒತ್ತಿದೆ ಎಂದು ಹೇಳಿ ಬಾ ಎಂದು ಕಳಿಸಿದರು. ಹೋದೆ. ಬೈದವರು ಇಬ್ಬರು, ಉಳಿದವರು ಕೂರಿಸಿ ಕಾಫಿ ಕೊಟ್ಟು ತಾವೇ ಒತ್ತಿದರು. ಆ ಊರು ಆಮೇಲೆ ಯಾವತ್ತೂ ನಮ್ಮ ಕೈ ಬಿಡಲಿಲ್ಲ.

ಇನ್ನೊಂದು ಎಡವಟ್ಟು ಪಿರಿಯಾಪಟ್ಟಣದ ಕಡೆಯದು. ಸಾವಾದ ಬೀದಿಯಲ್ಲಿ ಹೆಣ ಎತ್ತುವವರೆಗೆ ಯಾರೂ ಒಲೆ ಹಚ್ಚುವುದಿಲ್ಲವಲ್ಲ, ಪ್ಯಾಲೆಸ್ತೀನಿನಲ್ಲಿ ಸತ್ತವರಿಗಾಗಿ ನಾವೂ ಒಂದು ಬೆಳಗ್ಗೆ ಹಾಗೇ ಇರೋಣ ಎಂದು ಕರೆ ಕೊಟ್ಟೆ. ಊರಿನ ಯಜಮಾನರು ಕೇಳಿದ ಕೂಡಲೇ ಒಪ್ಪಿದರು. ಇಂಥ ಮಾತಿಗೆ ನಮ್ಮ ಜನಕ್ಕೆ ವಿವರಣೆ ಬೇಡ. ಆದರೆ ನಾನು ದಿನ ಗೊತ್ತು ಮಾಡಿದ್ದು ಹೊಗೆಸೊಪ್ಪು ಬೇಯಿಸುವ ತಿಂಗಳಲ್ಲಿ. ಸೊಪ್ಪು ಬೇಯಿಸುವ ಮನೆಗೆ, ಅಂದರೆ ಬ್ಯಾರನ್ನಿಗೆ, ಒಮ್ಮೆ ಬೆಂಕಿ ಕೊಟ್ಟರೆ ಸೊಪ್ಪು ಹದಕ್ಕೆ ಬರುವವರೆಗೆ ಆರಿಸುವಂತಿಲ್ಲ, ಆರಿಸಿದರೆ ವರ್ಷದ ಬೆಳೆ ಕಪ್ಪಾಗುತ್ತದೆ. ಬ್ಯಾರನ್ನು ಒಲೆಯೋ ಅಲ್ಲವೋ ಎಂದು ಊರಿನ ಕಟ್ಟೆಯ ಮೇಲೆ ಅರ್ಧ ದಿನ ವಾದ ನಡೆಯಿತು. ಅನ್ನ ಬೇಯುವುದಷ್ಟೇ ಒಲೆ ಎಂದು ಯಜಮಾನರು ತೀರ್ಮಾನ ಕೊಟ್ಟು ನನ್ನ ಮಾನ ಉಳಿಸಿದರು. ನೀವು ಯಾವ ಕಾರ್ಯಕ್ರಮಕ್ಕೂ ದಿನ ಹಾಕುವ ಮುಂಚೆ ಕ್ಯಾಲೆಂಡರ್ ನೋಡಬೇಡಿ, ಹೊಲ ನೋಡಿ.

ಇಷ್ಟು ವರ್ಷದಲ್ಲಿ ವಿಧಾನಗಳೂ ಬದಲಾದವು. ಸುಣ್ಣಕ್ಕೆ ನೀಲಿ ಕಲಸಿ ಗೋಡೆ ಬರೆಯುತ್ತಿದ್ದೆವು, ಆಮೇಲೆ ಕರಪತ್ರ, ಈಗ ವಾಟ್ಸಾಪ್. ಬದಲಾಗದೆ ಉಳಿದದ್ದು ನನ್ನ ಒಂದು ಕೆಟ್ಟ ಚಾಳಿ: ನಾನು ಹೇಳುವವಳು, ಅವರು ಕೇಳುವವರು. ಡಿಗ್ರಿಯ ಜೊತೆಗೇ ಅಂಟಿಕೊಂಡು ಬಂದ ಚಾಳಿ ಅದು. ಅದನ್ನು ಬಿಡಿಸಿದವನು ಕಟ್ಟೆಮಳಲವಾಡಿಯ ಜವರಯ್ಯ ಮೇಸ್ತ್ರಿ. ನಿವೃತ್ತಿಗೆ ಮುಂಚಿನ ನನ್ನ ಕೊನೆಯ ಪ್ರಕರಣ ಅದೇ. ಅದನ್ನು ಈಗ ನೆನೆದರೂ ಕೂತಲ್ಲಿ ಕೂರಲಾಗುವುದಿಲ್ಲ.

ಪ್ಯಾಲೆಸ್ತೀನಿನಲ್ಲಿ ಯುದ್ಧ ಮತ್ತೆ ಜೋರಾದ ಮೇಲೆ, ದಿನಾ ಗಡಿ ದಾಟಿ ಹೋಗಿ ಇಸ್ರೇಲಿನಲ್ಲಿ ಕಟ್ಟಡ ಕೆಲಸ ಮಾಡುತ್ತಿದ್ದ ಪ್ಯಾಲೆಸ್ತೀನಿ ಕೂಲಿಗಳನ್ನು ಒಳಗೆ ಬಿಡುವುದನ್ನು ನಿಲ್ಲಿಸಿದರು. ಕಟ್ಟಡಗಳು ಅರ್ಧಕ್ಕೆ ನಿಂತವು. ಆ ಜಾಗಕ್ಕೆ ನಮ್ಮ ದೇಶದಿಂದ ಗಾರೆಯವರು, ಕಂಬಿ ಕಟ್ಟುವವರು, ಸೆಂಟ್ರಿಂಗ್‌ನವರು ಬೇಕು ಎಂದು ನಮ್ಮ ತಾಲೂಕುಗಳಿಗೂ ಒಬ್ಬ ಏಜೆಂಟ್ ಬಂದ. ಜವರಯ್ಯನ ಎಂಟು ಜನರ ಗುಂಪಿನಲ್ಲಿ ಅವನೂ ಅವನ ಹೆಂಡತಿಯ ತಮ್ಮ ಕುಮಾರನೂ ಕೆಲಸದ ಪರೀಕ್ಷೆಯಲ್ಲಿ ಪಾಸಾದರು.

ಹುಣಸೂರಿನ ಹೊರಗೆ ಅವರು ಮನೆ ಕಟ್ಟುತ್ತಿದ್ದ ಜಾಗಕ್ಕೆ ಹೋಗಿ ಸೇನಾ ಹಿಡಿತದ ಇತಿಹಾಸವನ್ನೆಲ್ಲ ಹೇಳಿದೆ. ಜವರಯ್ಯ ಸಮಾಧಾನದಿಂದ ಕೇಳಿಸಿಕೊಂಡ. ಕುಮಾರ ಮಾತ್ರ, ನಮ್ಮನ್ನ ಬಂದೂಕ ಹಿಡಿಯೋಕೆ ಕರೀತಿಲ್ಲ ಕಣಕ್ಕ, ಗಾರೆ ಕರಣೆ ಹಿಡಿಯೋಕೆ ಕರೀತಾವ್ರೆ ಎಂದು ನಗಾಡಿದ. ಆಮೇಲೆ ಜವರಯ್ಯ ತನ್ನ ಮಾತು ಹೇಳಿದ. ಮಗಳು ರೂಪ ನರ್ಸಿಂಗ್ ಡಿಗ್ರಿ ಓದುತ್ತಿದ್ದಾಳೆ. ಅವರ ಮನೆತನದಲ್ಲಿ ಪಿಯುಸಿ ದಾಟಿದವಳು ಅವಳೇ ಮೊದಲು. ಇಲ್ಲಿನ ದುಡಿಮೆಯಲ್ಲಿ ಅವಳ ಓದು ಮುಗಿಯುವುದು ಅನುಮಾನ.

"ನೀವೇ ಯೋಳಿ ಅಕ್ಕ. ಡಿಗ್ರಿ ಮಾಡ್ದೋರು ನೀವು. ನನ್ ಮಗಳ್ಗೆ ಬ್ಯಾಡ ಅಂತೀರಾ?"

ಆ ಪ್ರಶ್ನೆಯನ್ನು ಬೇರೆ ಯಾರನ್ನು ಕೇಳಿದ್ದರೂ ಏನೋ ಉತ್ತರ ಕೊಡುತ್ತಿದ್ದರು. ಕೆಸರುಗಾಲಲ್ಲಿ ಪರೀಕ್ಷೆ ಬರೆದವಳು ನಾನು ಏನು ಹೇಳಲಿ? ಅವನು ಹೋಗದಿದ್ದರೆ ಒಬ್ಬ ಹುಡುಗಿಯ ಡಿಗ್ರಿ ನಿಲ್ಲಬಹುದು, ಹೋದರೆ ಅಟ್ಟಲ್ಪಟ್ಟವರ ಜಾಗದಲ್ಲಿ ನಮ್ಮವನು ನಿಲ್ಲುತ್ತಾನೆ. ಸ್ಕೂಟರ್ ಹತ್ತಿ ವಾಪಸ್ ಬಂದೆ.

ಒಂದು ವಾರ ಬಿಟ್ಟು ಮತ್ತೆ ಹೋದಾಗ ಮಾತಾಡಬಾರದು ಎಂದು ತೀರ್ಮಾನಿಸಿಕೊಂಡೇ ಹೋದೆ. ಊಟದ ಹೊತ್ತು, ಅವರ ಜೊತೆ ಕೂತು ಮುದ್ದೆ ತಿನ್ನುತ್ತಿದ್ದೆ. ಆಗ ಕಾರಿನಲ್ಲಿ ಒಬ್ಬ ಮನೆ ಮಾಲೀಕ ಬಂದ. ಪಕ್ಕದ ಬಡಾವಣೆಯಲ್ಲಿ ಅವನ ಮನೆ ಲಿಂಟಲ್ ಮಟ್ಟಕ್ಕೆ ಬಂದು ನಿಂತಿದೆ, ಮುಂದಕ್ಕೆ ನೀವು ಮುಗಿಸಿಕೊಡಿ ಎಂದು ಬೇಡಿಕೊಂಡ. ಜವರಯ್ಯ ಕೇಳಿದ್ದು ಒಂದೇ, ಅಲ್ಲಿತನಕ ಗೋಡೆ ಎತ್ತಿದ್ದು ಯಾರು ಎಂದು. ಪಿರಿಯಾಪಟ್ಟಣದ ಒಬ್ಬ ಮೇಸ್ತ್ರಿ, ಅವನಿಗೂ ನನಗೂ ಜಗಳವಾಯಿತು, ಬಿಡಿಸಿದೆ ಎಂದ ಮಾಲೀಕ. ಆ ಮೇಸ್ತ್ರಿ ಜವರಯ್ಯನಿಗೆ ಗೊತ್ತಿದ್ದವನೇ, ಎಡಗೈಯಲ್ಲೇ ಫೋನ್ ಒತ್ತಿದ.

"ಅಣ್ಣ, ನಾನು ಜವರ. ನಿನ್ ಕೆಲ್ಸಕ್ಕೆ ನನ್ನ ಕರೀತಾವ್ರೆ. ಮುಟ್ಲಾ, ಬ್ಯಾಡ್ವಾ?"

ಆ ಕಡೆಯ ಮಾತನ್ನು ಒಂದಷ್ಟು ಹೊತ್ತು ಕೇಳಿಸಿಕೊಂಡು ಫೋನ್ ಇಟ್ಟ. ಅವರು ಬಿಟ್ಟಿಲ್ವಂತೆ ಸ್ವಾಮಿ, ನೀವೂ ಅವರೂ ಕೂತು ಮಾತಾಡಿ ಎಂದು ಮಾಲೀಕನನ್ನು ಕಳಿಸಿಬಿಟ್ಟ. ಯಾರಿಗೂ ಇದು ದೊಡ್ಡದು ಅನ್ನಿಸಲಿಲ್ಲ, ಮುದ್ದೆ ಮುರಿಯುತ್ತಲೇ ಇದ್ದರು. ಇನ್ನೊಬ್ಬ ಮೇಸ್ತ್ರಿ ಅರ್ಧಕ್ಕೆ ಬಿಟ್ಟ ಕೆಲಸವನ್ನು ಅವನನ್ನು ಕೇಳದೆ ಮುಟ್ಟುವುದಿಲ್ಲ, ಗಾರೆಯವರಲ್ಲಿ ಅದು ನಡೆದುಬಂದದ್ದು. ಇಷ್ಟು ವರ್ಷ ನಾನು ಭೂಪಟ ಹಿಡಿದು ಹೇಳಲಾರದೆ ಹೋದ ಮಾತು ಇವನ ತಟ್ಟೆಯ ಪಕ್ಕದಲ್ಲಿತ್ತು.

"ಮೇಸ್ತ್ರಿ, ಅಲ್ಲಿ ನಿಮ್ಮನ್ನ ಕರೀತಿರೋ ಕೆಲಸ ಮೊದಲು ಯಾರು ಮಾಡ್ತಿದ್ರು?"

ಜವರಯ್ಯ ತುತ್ತನ್ನು ತಟ್ಟೆಗೆ ಹಾಕಿದ. ಕೈ ತೊಳೆದುಕೊಂಡು ಬಂದು ಕೇಳಿದ:

"ಅವ್ರ ನಂಬರ್ ಐತಾ?"

ನಾನು ಸ್ಕೂಟರ್ ಹೇಗೆ ಓಡಿಸಿಕೊಂಡು ಬಂದೆನೋ ಗೊತ್ತಿಲ್ಲ. ವಯಸ್ಸಾಗಿ ಬಾಗಿದ್ದರೂ ಮೇಷ್ಟ್ರು ದಿನಾ ಕಚೇರಿಗೆ ಬರುತ್ತಿದ್ದರು. ಆ ಪ್ಯಾಲೆಸ್ತೀನಿ ಗಾರೆಯವರನ್ನೇ ಕಾಗದ ಬರೆದು ಕೇಳಿಸೋಣ ಎಂದಾಗ ಮೊದಲು ರೇಗಿದರು. ನಾವು ಸರ್ಕಾರಗಳನ್ನು ಪ್ರಶ್ನಿಸುವವರು, ಅಲ್ಲಿನ ಒಬ್ಬ ಗಾರೆಯವನ ಹತ್ತಿರ ಅಪ್ಪಣೆ ಕೇಳುವುದು ಯಾವ ಚಳವಳಿ ಎಂದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತಾ ನಿಜವಾದ ಭಯ ಹೇಳಿದರು.

"ಅವನು ಬನ್ನಿ ಅಂದುಬಿಟ್ಟರೆ?"

"ಹೋಗ್ತಾರೆ ಮೇಷ್ಟ್ರೆ. ಕೇಳಿದ ಮೇಲೆ ಉತ್ತರ ಒಪ್ಪಬೇಕು."

"ಹಾಗಾದರೆ ಬರೆಸು" ಎಂದರು.

ದೆಹಲಿಯ ನನ್ನ ಗೆಳತಿಯೊಬ್ಬಳಿಗೆ ಅಲ್ಲಿನ ಕಟ್ಟಡ ಕೂಲಿಗಳ ಪರಿಚಯವಿತ್ತು, ಇಂಗ್ಲಿಷಿನಲ್ಲಿ ಕಳಿಸಿದರೆ ಅವರ ಭಾಷೆಗೆ ಮಾಡಿಸಿ ತಲುಪಿಸುತ್ತೇನೆ ಎಂದಳು. ಜವರಯ್ಯ ಕಾಗದ ಹೇಳಿದ, ರೂಪ ರಜೆಗೆ ಬಂದಿದ್ದವಳು ಇಂಗ್ಲಿಷಿಗೆ ಮಾಡಿದಳು. ಕಾಗದ ಚಿಕ್ಕದು. ನಾನು ಮೈಸೂರು ಜಿಲ್ಲೆಯ ಒಬ್ಬ ಮೇಸ್ತ್ರಿ, ನೀವು ಮಾಡುತ್ತಿದ್ದ ಕೆಲಸಕ್ಕೆ ನನ್ನನ್ನು ಕರೆದಿದ್ದಾರೆ, ನೀವು ಅದನ್ನು ಬಿಟ್ಟಿದ್ದೀರೋ ಬಿಡಿಸಿದ್ದಾರೋ ತಿಳಿಸಿ, ಮುಟ್ಟಬಹುದೋ ಬೇಡವೋ ಹೇಳಿ.

ಅವಳು ಟೈಪ್ ಮಾಡುತ್ತಾ ತಲೆ ಎತ್ತದೆ ನನ್ನನ್ನು ಕೇಳಿದಳು.

"ನಿಮ್ದು ಡಿಗ್ರಿ ಮುಗಿದಿದೆ ಅಲ್ವಾ ಮೇಡಂ?"

ಹೌದಮ್ಮ ಎಂದೆ. ಬೇರೆ ಏನು ಹೇಳಿದ್ದರೂ ಅದು ನುಣುಚಿಕೊಳ್ಳುವ ಮಾತಾಗುತ್ತಿತ್ತು. ಅವಳು ಕಾಗದದ ಕೊನೆಗೆ ತನ್ನದೇ ಎರಡು ಸಾಲು ಸೇರಿಸಿ ಅಪ್ಪನಿಗೆ ಓದಿ ಹೇಳಿದಳು: "ಇದನ್ನು ಬರೆಯುತ್ತಿರುವವಳು ಅವರ ಮಗಳು. ಅವರು ಅಲ್ಲಿಗೆ ಬಂದರೆ ನನ್ನ ಓದು ಮುಗಿಯುತ್ತದೆ, ಆದರೂ ನೀವು ನಿಜವನ್ನೇ ಹೇಳಿ." ಜವರಯ್ಯ ತೆಗಿ ಅನ್ನಲಿಲ್ಲ.

ಜವರಯ್ಯನ ವಿಮಾನಕ್ಕೆ ಮೂರು ವಾರವಿತ್ತು. ಉತ್ತರ ಬೇಗ ಬರಲಿಲ್ಲ. ಆದರೆ ಅಷ್ಟರಲ್ಲಿ ನಮ್ಮ ತಾಲೂಕುಗಳಲ್ಲಿ ನಡೆದದ್ದನ್ನು ನೀವು ನೋಡಬೇಕಿತ್ತು. ಜವರಯ್ಯನ ಗುಂಪಿನವರು ಬೇರೆ ಗುಂಪಿನವರಿಗೆ ಫೋನ್ ಮಾಡಿದರು, ಅವರು ಇನ್ನೊಬ್ಬರಿಗೆ ಹೇಳಿದರು. ನಾನು ಒಂದು ಭಾಷಣವನ್ನೂ ಮಾಡಲಿಲ್ಲ. ಕೆ.ಆರ್. ನಗರದಲ್ಲಿ ಏಜೆಂಟ್ ಕರೆದ ಸಭೆಯಲ್ಲಿ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಅವನು ಊಟ, ವಸತಿ, ರಜೆ ಎಲ್ಲ ವಿವರಿಸಿದ. ಸಾಲಿಗ್ರಾಮದ ಗಾರೆಯವನೊಬ್ಬ ಎದ್ದು ನಿಂತ.

"ಅದೆಲ್ಲ ಸರಿ ಸಾರ್. ಮೊದ್ಲು ಆ ಕೆಲ್ಸ ಯಾರ್ ಮಾಡ್ತಿದ್ರು?"

ಅದು ನಿಮಗೆ ಯಾಕೆ ಎಂದ ಏಜೆಂಟ್. ನಮಗಲ್ದೆ ಇನ್ಯಾರಿಗೆ ಎಂದು ನಾಲ್ಕು ಕಡೆಯಿಂದ ಮಾತು ಬಂತು. ಹಿಂದೆಯಿಂದ ಒಬ್ಬ, ಅವರನ್ನ ಒಂದು ಮಾತು ಕೇಳಿದ್ರಾ ಎಂದ. ಇನ್ನೊಬ್ಬ, ಸಾರ್ ಹತ್ರ ನಂಬರ್ ಇರಲ್ಲ ಕಣ್ಲಾ, ಕುತ್ಕೊ ಎಂದು ರೇಗಿಸಿದ. ಸಭೆ ಅರ್ಧಕ್ಕೆ ಮುಗಿಯಿತು. ನನ್ನ ಇಡೀ ಕೆಲಸದ ಬದುಕಿನಲ್ಲಿ ಅಷ್ಟು ಖುಷಿಯಾಗಿ ಬಸ್ ಹತ್ತಿದ್ದು ಅದೊಂದೇ ದಿನ.

ಖುಷಿಯ ಕೆಳಗೆ ಹೆದರಿಕೆ ಇತ್ತು. ಉತ್ತರವೇ ಬರದಿದ್ದರೆ ಜವರಯ್ಯ ಹೊರಡುತ್ತಾನೆ, ಹೊರಡುವುದು ತಪ್ಪು ಎಂದು ನಾನು ಹೇಳಲಾರೆ. ಹೊರಡಲು ನಾಲ್ಕು ದಿನ ಇದ್ದಾಗ ದೆಹಲಿಯಿಂದ ಇಂಗ್ಲಿಷಿನಲ್ಲಿ ಉತ್ತರ ಬಂತು. ಕಟ್ಟೆಮಳಲವಾಡಿಗೆ ಹೋದೆ. ಜಗಲಿಯ ಮೇಲೆ ಜವರಯ್ಯ, ಕುಮಾರ, ಉಳಿದ ಆಳುಗಳೆಲ್ಲ ಕೂತರು. ರೂಪ ಫೋನ್ ಹಿಡಿದು ಓದುತ್ತಾ ಕನ್ನಡದಲ್ಲಿ ಹೇಳುತ್ತಾ ಹೋದಳು.

ಬರೆದವನು ಅಲ್ಲಿನ ಒಬ್ಬ ಹಿರಿಯ ಮೇಸ್ತ್ರಿ. ನಸುಕಿಗೇ ಎದ್ದು ಸೈನಿಕರ ತಪಾಸಣೆಯ ಸಾಲಿನಲ್ಲಿ ನಿಂತು ವರ್ಷಗಟ್ಟಲೆ ಆ ಕೆಲಸಕ್ಕೆ ಹೋಗಿದ್ದವನು. ಕೊನೆಯ ದಿನ ಮೆಟ್ಟಿಲಿಗೆ ಕಂಬಿ ಕಟ್ಟಿದ್ದರಂತೆ, ಮಾರನೆಯ ದಿನ ಕಾಂಕ್ರೀಟ್ ಹಾಕಬೇಕಿತ್ತು, ಆ ಮಾರನೆಯ ದಿನ ಬರಲಿಲ್ಲ. ಕಂಬಿ ಬಿಸಿಲಿಗೆ ಹಾಗೇ ನಿಂತಿರಬೇಕು, ಯೋಚನೆ ಅದೇ ಎಂದು ಬರೆದಿದ್ದ. ಅಲ್ಲಿವರೆಗೆ ರೂಪ ಸರಾಗವಾಗಿ ಓದಿದಳು. ಕೊನೆಯ ಭಾಗ ಅವಳಿಗೇ ಬರೆದದ್ದು.

"ಮಗಳೇ, ನನಗೂ ನಿನ್ನ ವಯಸ್ಸಿನ ಮಗಳಿದ್ದಾಳೆ. ನನಗೆ ಕೆಲಸವಿಲ್ಲದೆ ಅವಳ ಓದು ನಿಂತಿದೆ. ನಿನ್ನ ತಂದೆ ಬಂದರೆ ನಾನು ಶಾಪ ಹಾಕುವುದಿಲ್ಲ, ಹೊಟ್ಟೆಪಾಡು ಏನೆಂದು ಗೊತ್ತು. ಆದರೆ ನೀವು ಕೇಳಿದ್ದೀರಿ, ಇದುವರೆಗೆ ಯಾರೂ ಕೇಳಿರಲಿಲ್ಲ. ಅದಕ್ಕೆ ಹೇಳುತ್ತೇನೆ. ನಾವು ಆ ಕೆಲಸ ಬಿಟ್ಟಿಲ್ಲ."

ಅವಳು ಫೋನನ್ನು ಮಡಿಲಿಗೆ ಇಟ್ಟುಕೊಂಡಳು. ಜವರಯ್ಯ ಮಗಳ ಮುಖವನ್ನೇ ನೋಡುತ್ತಿದ್ದ. ಅವಳು ಹೇಳಲಿ ಎಂದು ಕಾಯುತ್ತಿದ್ದಾನೆ ಎಂದು ಎಲ್ಲರಿಗೂ ಗೊತ್ತಾಯಿತು.

"ಬಿಟ್ಟಿಲ್ವಂತಲ್ಲಪ್ಪ" ಎಂದಳು.

"ಊಂ. ಅಂಗಾದ್ರೆ ಮುಟ್ಟಂಗಿಲ್ಲ."

ಕುಮಾರನಿಗೆ ಸಿಟ್ಟು ಬಂತು. ಆ ಮೇಸ್ತ್ರಿ ಯಾರೋ ಏನೋ ಭಾವ, ನಾವು ಬಿಟ್ಟರೆ ಇನ್ಯಾರೋ ಹೋಗುತ್ತಾರೆ ಎಂದ. ಓಗ್ಲಿ, ಅವರೂ ಕೇಳಿ ಓಗ್ಲಿ ಎಂದು ಜವರಯ್ಯ ಎದ್ದುಬಿಟ್ಟ. ನಾಲ್ಕು ದಿನದ ಮೇಲೆ ಕುಮಾರ ಹೊರಟ, ಜವರಯ್ಯನೇ ಬಸ್ಸಿಗೆ ಹತ್ತಿಸಿ ಬಂದ. ನೀವು ಇದನ್ನೂ ತಿಳಿದಿರಬೇಕು. ನಮ್ಮ ಕೆಲಸದಲ್ಲಿ ಎಲ್ಲರೂ ನಿಲ್ಲುವುದಿಲ್ಲ. ಹೋದವನನ್ನು ಬೈದರೆ ಮುಂದಿನ ಸಲ ಅವನ ಮನೆ ಬಾಗಿಲು ತಟ್ಟಲು ಮುಖವಿರುವುದಿಲ್ಲ.

ರೂಪಳ ಓದು ಸಲೀಸಾಗಿ ನಡೆಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಜವರಯ್ಯ ಎಚ್.ಡಿ. ಕೋಟೆ ಕಡೆ ಸೇತುವೆ ಕೆಲಸಕ್ಕೆ ಹೋದ, ವಾರಕ್ಕೊಮ್ಮೆ ಮನೆಗೆ ಬರುತ್ತಾನೆ. ಅವಳು ಸಂಜೆ ಹೊತ್ತು ಒಂದು ಕ್ಲಿನಿಕ್ಕಿನಲ್ಲಿ ದುಡಿದುಕೊಂಡು ಓದುತ್ತಿದ್ದಾಳೆ. ಇನ್ನೂ ಮುಗಿದಿಲ್ಲ, ನಿಂತೂ ಇಲ್ಲ. ನನ್ನನ್ನು ಕಂಡರೆ ಒಂದೊಂದು ದಿನ ನಗುತ್ತಾಳೆ, ಒಂದೊಂದು ದಿನ ಇಲ್ಲ. ಎರಡಕ್ಕೂ ಅವಳಿಗೆ ಹಕ್ಕಿದೆ.

ಕುಮಾರ ಹೋಗಿ ತಿಂಗಳ ಮೇಲೆ ಒಂದು ಮಧ್ಯಾಹ್ನ ಜವರಯ್ಯ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದ. ಕೂತ ಕೂಡಲೇ ಮಾತು ತೆಗೆದ. ಕುಮಾರ ಫೋನ್ ಮಾಡಿದ್ದನಂತೆ. ಅವನು ಕೆಲಸ ಮಾಡುವ ಕಟ್ಟಡದ ಮೂಲೆಯಲ್ಲಿ ಒಂದು ಕರಣೆ ಬಿದ್ದಿತ್ತಂತೆ, ಮರದ ಹಿಡಿಯ ಮೇಲೆ ಅರಬ್ಬಿಯಲ್ಲಿ ಯಾರದೋ ಹೆಸರು ಕೊರೆದಿದೆಯಂತೆ. ಕುಮಾರ ಅದನ್ನು ಒರೆಸಿ ಎತ್ತಿಟ್ಟಿದ್ದಾನೆ, ಕೆಲಸಕ್ಕೆ ಮಾತ್ರ ತನ್ನದನ್ನೇ ಹಿಡಿಯುತ್ತಾನೆ. ಇಷ್ಟು ಹೇಳಿ ಜವರಯ್ಯ ಅಂಗೈ ನೋಡಿಕೊಂಡ. ಆಮೇಲೆ, ಆ ಮೇಸ್ತ್ರಿಗೆ ಇನ್ನೊಂದು ಕಾಗದ ಬರಿಬೇಕು ಅಕ್ಕ ಎಂದ. ಈ ಸಲ ರೂಪ ಮೈಸೂರಿನಲ್ಲಿದ್ದಳು. ಪೆನ್ನು ನಾನೇ ಹಿಡಿದೆ. ನಾನು ಒಂದು ಅಕ್ಷರವನ್ನೂ ತಿದ್ದಲಿಲ್ಲ, ಅವನು ಹೇಳಿದ್ದು ಹೀಗೇ:

"ಅಣ್ಣ, ನಿನ್ ಕೆಲ್ಸ ನಾನ್ ಮುಟ್ಟಿಲ್ಲ. ನನ್ ಭಾಮೈದ ಬಂದವ್ನೆ, ಅವ್ನ ಮ್ಯಾಲೆ ಸಿಟ್ ಮಾಡ್ಕಬ್ಯಾಡ. ಮೆಟ್ಲು ಕಂಬಿ ವಿಚಾರ ಬರ್ದಿದ್ದೆಯಲ್ಲ, ಇಷ್ಟೊತ್ಗೆ ತುಕ್ಕಿಡಿದಿರ್ತದೆ. ವಾಪಸ್ ಕೆಲ್ಸಕ್ಕೋದ ತಕ್ಷಣ ಕಾಂಕ್ರೀಟ್ ಆಕ್ಬುಡಬ್ಯಾಡ. ಮೊದ್ಲು ತಂತಿ ಬ್ರಶ್ನಾಗೆ ಚೆನ್ನಾಗಿ ಉಜ್ಜು, ಸಿಮೆಂಟ್ನ ನೀರಿಗೆ ಕಲ್ಸಿ ಆಲಿನಂಗೆ ಮಾಡಿ ಬಳಿ, ಆಮೇಕೆ ಆಕು. ಮೆಟ್ಲು ನಿಲ್ತದೆ."